ಫೋಲ್ಡರ್ ನಿಮ್ಮದು, ಲಿಂಕ್ ಯಾರ ಕೈಯಲ್ಲಿದೆ?

ಪ್ರಶ್ನೆ: ಆದಾಯ ತೆರಿಗೆ ರಿಟರ್ನ್ಸ್ ತುಂಬಿಕೊಡುವ ಸಣ್ಣ ಕಚೇರಿ ನನ್ನದು. ಗ್ರಾಹಕರ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವೂ ಗೂಗಲ್ ಡ್ರೈವ್‌ನ ಒಂದೇ ಫೋಲ್ಡರ್‌ನಲ್ಲಿವೆ. ಅದರ ಲಿಂಕನ್ನು ಕಚೇರಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ್ದೆ. ಸ್ಕ್ಯಾನ್ ಮಾಡಿ ಹಾಕುತ್ತಿದ್ದ ಹುಡುಗ ಹೋದ ತಿಂಗಳು ಕೆಲಸ ಬಿಟ್ಟ. ಜಗಳವೇನೂ ಆಗಿಲ್ಲ, ಆದರೂ ನಿದ್ದೆ ಬರುತ್ತಿಲ್ಲ. ಎಲ್ಲವನ್ನೂ ಪೆನ್‌ಡ್ರೈವ್‌ಗೆ ಇಳಿಸಿಕೊಂಡುಬಿಡಲೇ?
– ಹೆಸರು ಬೇಡ, ಹಾಸನ

ಉತ್ತರ: ಪೆನ್‌ಡ್ರೈವ್ ಬೇಡ ಮೇಡಂ. ಅದು ಕಳೆದುಹೋಗುತ್ತದೆ, ಕೆಟ್ಟುಹೋಗುತ್ತದೆ. ಸಿಕ್ಕವರು ಕಂಪ್ಯೂಟರಿಗೆ ಚುಚ್ಚಿದರೆ ಸಾಕು, ಎಲ್ಲವೂ ತೆರೆದುಕೊಳ್ಳುತ್ತದೆ. ಆದರೆ ನಿಮ್ಮ ಆತಂಕಕ್ಕೆ ಕಾರಣವಿದೆ.

ಇಂಥ ಸೇವೆ ಕೊಡುವ ಕಂಪನಿಗಳ ಕಡೆಯಿಂದಲೂ ತಪ್ಪಾಗುತ್ತದೆ. 2011ರ ಜೂನ್‌ನಲ್ಲಿ ಡ್ರಾಪ್‌ಬಾಕ್ಸ್‌ನಲ್ಲಿ ಸುಮಾರು ನಾಲ್ಕು ಗಂಟೆ ಕಾಲ ಯಾವ ಪಾಸ್‌ವರ್ಡ್ ಒತ್ತಿದರೂ ಯಾರ ಖಾತೆಯಾದರೂ ತೆರೆಯುತ್ತಿತ್ತು. ಅದೇ ಕಂಪನಿಯಿಂದ 2012ರಲ್ಲಿ ಕಳವಾದ 6.8 ಕೋಟಿಗೂ ಹೆಚ್ಚು ಖಾತೆಗಳ ವಿವರ ಹೊರಬಿದ್ದದ್ದು 2016ರಲ್ಲಿ. ಆದರೂ ನಿಮ್ಮಂಥ ಕಚೇರಿಗೆ ಹತ್ತಿರದ ಅಪಾಯ ಹ್ಯಾಕರ್ ಅಲ್ಲ, ನೀವೇ ಹಂಚಿದ ಆ ಲಿಂಕ್.

ಮೊದಲು ಒಂದು ಪರೀಕ್ಷೆ ಮಾಡಿ. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ ತೆರೆದು, ಲಾಗಿನ್ ಆಗದೆ, ಗ್ರೂಪಿನಲ್ಲಿರುವ ಲಿಂಕನ್ನು ಅಂಟಿಸಿ. ಫೋಲ್ಡರ್ ತೆರೆದುಕೊಂಡರೆ, ಆ ಲಿಂಕ್ ಫಾರ್ವರ್ಡ್ ಆಗಿ ಎಲ್ಲಿಗೆ ತಲುಪಿದ್ದರೂ ಅಲ್ಲೆಲ್ಲ ತೆರೆಯುತ್ತದೆ ಎಂದೇ ಅರ್ಥ. ‘ಶೇರ್’ ಒತ್ತಿ, ‘ಎನಿಒನ್ ವಿತ್ ದ ಲಿಂಕ್’ ಎಂದಿರುವುದನ್ನು ‘ರಿಸ್ಟ್ರಿಕ್ಟೆಡ್’ ಮಾಡಿ. ಕೆಳಗಿನ ಪಟ್ಟಿಯಲ್ಲಿ ಆ ಹುಡುಗನ ಇಮೇಲ್ ಇದ್ದರೆ ಅದನ್ನೂ ತೆಗೆಯಿರಿ. ಬಿಡಿ ಫೈಲುಗಳ ಲಿಂಕನ್ನು ಬೇರೆಯಾಗಿ ಕೊಟ್ಟಿದ್ದರೆ ಅವನ್ನೂ ಒಂದೊಂದಾಗಿ ನೋಡಬೇಕು, ಫೋಲ್ಡರ್ ಮುಚ್ಚಿದ ಮಾತ್ರಕ್ಕೆ ಅವು ಮುಚ್ಚುವುದಿಲ್ಲ.

ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿ ಇದೆ. ಆ ಹುಡುಗ ತನ್ನ ಸ್ವಂತ ಜಿಮೇಲ್‌ನಿಂದ ಸ್ಕ್ಯಾನ್‌ಗಳನ್ನು ಹಾಕುತ್ತಿದ್ದನೇ? ಹಾಗಿದ್ದರೆ ಫೋಲ್ಡರ್ ನಿಮ್ಮದಾದರೂ ಫೈಲುಗಳ ಮಾಲೀಕ ಅವನೇ. ಅವನು ಅಳಿಸಿದರೆ ನಿಮ್ಮಲ್ಲೂ ಇರುವುದಿಲ್ಲ. ಅಂಥವನ್ನು ಡೌನ್‌ಲೋಡ್ ಮಾಡಿ ನಿಮ್ಮ ಖಾತೆಯಿಂದ ಮತ್ತೆ ಹಾಕಿ, ಆಮೇಲೆ ಅವನಿಗೆ ಫೋನ್ ಮಾಡಿ ಅವನ ಕಡೆಯ ಪ್ರತಿಗಳನ್ನು ಅಳಿಸಲು ಹೇಳಿ. ಜಗಳವಿಲ್ಲದಿರುವಾಗಲೇ ಕೇಳುವುದು ಸುಲಭ.

ಡ್ರೈವ್‌ನಲ್ಲಿ ಫೈಲುಗಳು ಗೂಢಲಿಪಿಯಲ್ಲೇ ಇರುತ್ತವೆ ನಿಜ, ಆದರೆ ಮಾಮೂಲಿ ಖಾತೆಯಲ್ಲಿ ಅದರ ಕೀಲಿ ಇರುವುದು ಕಂಪನಿಯ ಬಳಿ. ಬ್ಯಾಂಕ್ ಸ್ಟೇಟ್‌ಮೆಂಟ್‌ನಂಥವನ್ನು ಸೆವೆನ್‌-ಜಿಪ್‌ನಲ್ಲಿ ಪಾಸ್‌ವರ್ಡ್ ಹಾಕಿ ಮಡಚಿದ ಮೇಲೆಯೇ ಏರಿಸಿ. ಇ-ಆಧಾರ್‌ಗೆ ಹೇಗೂ ಪಾಸ್‌ವರ್ಡ್ ಇದೆಯಲ್ಲ ಎನ್ನಬೇಡಿ. ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ: ಪರಿಚಯದವರಿಗೆಲ್ಲ ಗೊತ್ತಿರುವುದೇ. ನಿಮ್ಮ ಖಾತೆಗೆ ಎರಡು ಹಂತದ ಪರಿಶೀಲನೆಯನ್ನೂ ಹಾಕಿಕೊಳ್ಳಿ.

ರಿಟರ್ನ್ಸ್ ಸಲ್ಲಿಸಿದ ಮೇಲೂ ಆಧಾರ್ ಪ್ರತಿ ಏಕೆ ಇಟ್ಟುಕೊಂಡಿದ್ದೀರಿ? ಬೇಡದ್ದನ್ನು ಅಳಿಸಿ, ಟ್ರ್ಯಾಶ್ ಕೂಡ ಖಾಲಿ ಮಾಡಿ. ಇಲ್ಲದಿದ್ದರೆ ಅಲ್ಲಿ 30 ದಿನ ಉಳಿದಿರುತ್ತದೆ.

ಲಿಂಕ್ ಬಯಲಲ್ಲೇ ತೆರೆಯುತ್ತಿತ್ತು ಎಂದು ಕಂಡುಬಂದರೆ ಗ್ರಾಹಕರಿಂದ ಮುಚ್ಚಿಡಬೇಡಿ. ಯಾರದಾದರೂ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿ. ಕಾಗದ ಅವರದು, ಅವರಿಗೆ ಗೊತ್ತಾಗಲೇಬೇಕು.