ದೂರದ ಕಾವಲುಗಾರರಿಗೆ ಉಪಕಾರದ ಓಲೆ

(ಊರೂರಿನ ಕೂಟಗಳಲ್ಲಿಯೂ ಮನೆಗಳಲ್ಲಿಯೂ ಓದಿ ಆಲೋಚಿಸತಕ್ಕ ಪಾಠ)



ನರಗುಂದ ತಾಲೂಕಿನ ಶಿರೋಳದಂಥ ಊರುಗಳಲ್ಲಿ ರಾಶಿಯ ಕಾಲಕ್ಕೆ ಒಬ್ಬನು ಕಣದ ಕಾವಲಿಗೆ ಹೋದರೆ ಮನೆಯ ಉಳಿದವರು ನಿಶ್ಚಿಂತರಾಗಿ ನಿದ್ದೆ ಮಾಡುವರು. ಬೆಳಗಾದ ಮೇಲೆ ಅವನು ಬಂದಾಗ ಬಿಸಿ ರೊಟ್ಟಿಯನ್ನೂ ಒಂದು ಒಳ್ಳೆಯ ಮಾತನ್ನೂ ಕೊಡದೆ ಇರುವ ಮನೆ ಯಾವದು? ಆದರೆ ದೇಶದ ಮೇರೆಯಲ್ಲಿ ಕಾವಲಿರುವವನು ಬೆಳಗಾದ ಕೂಡಲೆ ನಮ್ಮ ಬಾಗಿಲಿಗೆ ಬರುವದಿಲ್ಲ. ಅವನ ಮುಖವನ್ನು ನಾವು ಕಾಣುವದಿಲ್ಲ. ಕಾಣದವನ ಉಪಕಾರವನ್ನು ಮರೆಯುವದು ಬಹು ಸುಲಭ. ಆದದರಿಂದ ಅಂಥವರಿಗೆ ಸ್ವಇಚ್ಛೆಯಿಂದ ಉಪಕಾರದ ಕಾಗದ ಬರೆಯುವ ಕೆಲಸವನ್ನು ಕುರಿತು ಈ ಪಾಠದಲ್ಲಿ ಆಲೋಚಿಸೋಣ.

1. ಕಾಗದದ ಬೆಲೆ ಎಷ್ಟು?

1914ರಲ್ಲಿ ಮೊದಲನೆಯ ಮಹಾಯುದ್ಧವು ಹುಟ್ಟಿದಾಗ ನಮ್ಮ ದೇಶದ ಸಿಪಾಯಿಗಳು ಹಡಗು ಹತ್ತಿ ಫ್ರಾನ್ಸಿಗೂ ಆ ಮೇಲೆ ಮೆಸೊಪೊಟೇಮಿಯಕ್ಕೂ ಹೋದರು. ಆ ಯುದ್ಧದ ಕಾಲದಲ್ಲಿ ಕಡಲು ದಾಟಿದ ಭಾರತೀಯರು ಹತ್ತು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹು ಮಂದಿಗೆ ಓದು ಬರಹ ತಿಳಿಯದು. ಓದಬಲ್ಲ ಜೊತೆಗಾರನಿಂದ ಕಾಗದವನ್ನು ಬರೆಯಿಸುವರು, ಊರಿಂದ ಬಂದದ್ದನ್ನು ಅವನಿಂದಲೇ ಓದಿಸಿ ಕೇಳುವರು. ಫ್ರಾನ್ಸಿನಲ್ಲಿ ಸರಕಾರದ ಅಧಿಕಾರಿಗಳು ಆ ಕಾಗದಗಳನ್ನು ಒಡೆದು ಪರೀಕ್ಷಿಸಿ, ಕೆಲವನ್ನು ಇಂಗ್ಲಿಷಿಗೆ ತಿರುಗಿಸಿಕೊಂಡರು. ಆ ಪ್ರತಿಗಳು ಇಂದಿಗೂ ಲಂಡನ್ನಿನ ಗ್ರಂಥಾಲಯದಲ್ಲಿ ಉಂಟು.

ಪರೀಕ್ಷಕರ ಕಣ್ಣಿಗೆ ಮರೆಮಾಡುವದಕ್ಕೆ ಸಿಪಾಯಿಗಳು ಗೂಢವಾಗಿ ಬರೆಯುತ್ತಿದ್ದರು. ಕರಿಮೆಣಸು ತೀರುತ್ತಾ ಬಂತು, ಈಗ ಕೆಂಪುಮೆಣಸನ್ನು ಉಪಯೋಗಿಸುತ್ತಾರೆ ಎಂಬ ಅರ್ಥದ ಮಾತುಗಳು ಅವುಗಳಲ್ಲಿ ಸಿಕ್ಕುತ್ತವೆ. ಕರಿಮೆಣಸಂದರೆ ನಮ್ಮವರು, ಕೆಂಪುಮೆಣಸಂದರೆ ಬಿಳಿಯರು. ಸತ್ತವರ ಲೆಕ್ಕವನ್ನು ಅಡಿಗೆಮನೆಯ ಮಾತಿನಲ್ಲಿ ಹೇಳಬೇಕಾದವನ ಸಂಕಟ ಎಷ್ಟಿರಬೇಕು! ಆದರೂ ಆ ಕಾಗದಗಳಲ್ಲಿ ಯುದ್ಧದ ಮಾತಿನಷ್ಟೇ ಮನೆಯ ಮಾತೂ ಉಂಟು: ಬೆಳೆ ಹೇಗಿದೆ, ಕಳುಹಿಸಿದ ಹಣ ಮುಟ್ಟಿತೋ, ಯಾಕೆ ಕಾಗದ ಬರೆಯುವದಿಲ್ಲ? ಗುಂಡಿನ ಸದ್ದಿನ ನಡುವೆ ಇದ್ದವನು ಹೊಲದ ಸುದ್ದಿಗಾಗಿ ಹಸಿದಿದ್ದನೆಂಬದನ್ನು ಗುರುತಿಸಿರಿ.

2. ಬೆಟದೂರಿನ ಹನುಮಂತಪ್ಪ

ಇನ್ನು ನಮ್ಮ ಕಾಲಕ್ಕೆ, ನಮ್ಮ ನೆರೆಗೆ ಬರೋಣ. ಸಿಯಾಚಿನ್ ಎಂಬ ಹಿಮದ ನೆಲದಲ್ಲಿ 1984ರ ಎಪ್ರಿಲ್ 13ರಿಂದ ನಮ್ಮ ಸೈನ್ಯದ ಕಾವಲು ಉಂಟು. ಆ ಕಾರ್ಯಕ್ಕೆ ‘ಮೇಘದೂತ’ವೆಂದು ಹೆಸರಿಟ್ಟರು. ಕಾಳಿದಾಸನ ಆ ಕಾವ್ಯದಲ್ಲಿ ಊರು ಬಿಟ್ಟು ದೂರವಿರುವವನೊಬ್ಬನು ಮೋಡದ ಕೈಯಲ್ಲಿ ತನ್ನ ಹೆಂಡತಿಗೆ ಸುದ್ದಿ ಕಳುಹಿಸುತ್ತಾನೆಂಬದು ಓದಿದವರಿಗೆ ಗೊತ್ತು.

ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನವರಾದ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಎಂಬವರು 2002ರಲ್ಲಿ ಸೈನ್ಯಕ್ಕೆ ಸೇರಿದರು. ಅವರು ಮದ್ರಾಸ್ ರೆಜಿಮೆಂಟಿನ 19ನೆಯ ದಳದವರು. ಹದಿಮೂರು ವರುಷಗಳ ಸೇವೆಯಲ್ಲಿ ಹತ್ತು ವರುಷಗಳನ್ನು ಕಷ್ಟದ ಠಾಣ್ಯಗಳಲ್ಲಿಯೇ ಕಳೆದರೆಂದು ಸೈನ್ಯದವರು ತಿಳಿಸಿದರು. 2016ರ ಫೆಬ್ರುವರಿ 3ರಂದು, ಸುಮಾರು 19,600 ಅಡಿ ಎತ್ತರದ ಠಾಣ್ಯದ ಮೇಲೆ ಹಿಮದ ಗೋಡೆ ಕುಸಿಯಿತು. ಹತ್ತು ಮಂದಿ ಹೂತುಹೋದರು; ಅವರಲ್ಲಿ ಮೂವರು ಕರ್ನಾಟಕದವರು. ಫೆಬ್ರುವರಿ 8ರಂದು ಹಿಮವನ್ನು ಕಡಿದು ತೆಗೆದಾಗ ಹನುಮಂತಪ್ಪನವರು ಒಬ್ಬರೇ ಉಸಿರಾಡುತ್ತಿದ್ದರು. ದಿಲ್ಲಿಯ ಸೈನಿಕ ಆಸ್ಪತ್ರೆಗೆ ತಂದರು. ಫೆಬ್ರುವರಿ 11ರಂದು ಅವರು ತೀರಿಕೊಂಡರು. ಊರಲ್ಲಿ ತಾಯಿಯೂ ಹೆಂಡತಿಯೂ ಎಳೆಯ ಮಗಳೂ ಇದ್ದರು.

ಆ ದಿವಸಗಳಲ್ಲಿ ದೇಶವೆಲ್ಲಾ ಅವರಿಗಾಗಿ ಬೇಡಿಕೊಂಡಿತು. ಗುಡಿಯಲ್ಲಿ, ಮಸೀದಿಯಲ್ಲಿ, ಸಭೆಯಲ್ಲಿ, ಶಾಲೆಯಲ್ಲಿ ಅವರ ಹೆಸರೇ. ಇದು ಒಳ್ಳೆಯದೇ. ಆದರೆ ಪ್ರಿಯರೇ, ನಮ್ಮನ್ನು ನಾವೇ ಕೇಳಿಕೊಳ್ಳೋಣ: ಆ ಹದಿಮೂರು ವರುಷ ನಮ್ಮಲ್ಲಿ ಎಷ್ಟು ಮಂದಿಗೆ ಆ ಹೆಸರು ಗೊತ್ತಿತ್ತು? ಕಿವಿಯಿಂದ ಕೇಳಿ ಸಂತೋಷಪಡುವ ಶಕ್ತಿ ಅವರಿಗಿದ್ದಾಗ ನಾವು ಮಾತಾಡಲಿಲ್ಲ. ಆ ಶಕ್ತಿ ಹೋದ ಮೇಲೆ ಬಾಯಿ ತೆರೆದೆವು. ಹೂವಿನ ಮಾಲೆಗೆ ತಡವಾದರೂ ನಡೆದೀತು, ಒಳ್ಳೆಯ ಮಾತಿಗೆ ತಡವಾದರೆ ನಡೆಯದು. ಬದುಕಿರುವವನಿಗೆ ಬರೆಯಬೇಕೆಂಬದೇ ಈ ಪಾಠದ ಮುಖ್ಯ ಬೋಧನೆ.

3. ಹೇಗೆ ಬರೆಯತಕ್ಕದ್ದು?

ಒಬ್ಬನು ಹೀಗೆ ಬರೆಯುತ್ತಾನೆನ್ನಿರಿ: “ವೀರಾಧಿವೀರನೇ, ಶತ್ರುಸಂಹಾರಕನೇ, ನಿನ್ನ ಕೀರ್ತಿ ಸೂರ್ಯಚಂದ್ರರಿರುವ ವರೆಗೂ ಬೆಳಗಲಿ!” ಇದರಲ್ಲಿ ಸದ್ದು ಬಹಳ, ಸುದ್ದಿ ಏನೂ ಇಲ್ಲ. ಇದನ್ನು ಯಾರಿಗಾದರೂ ಕಳುಹಿಸಬಹುದು. ಆದದರಿಂದ ಓದಿದವನಿಗೆ ಇದು ತನಗಾಗಿ ಬಂತೆಂದು ತೋರದು. ಇದಲ್ಲದೆ, ಕಾವಲಿನವನಿಗೆ ಉಪಕಾರ ಹೇಳುವದು ಬೇರೆ, ಕೊಲ್ಲುವದನ್ನು ಹೊಗಳುವದು ಬೇರೆ. ಸಮಾಧಾನ ಬೇಗ ಬರಲಿ ಎಂದು ಎಲ್ಲರಿಗಿಂತ ಹೆಚ್ಚಾಗಿ ಬಯಸುವವನು ಸಿಪಾಯಿಯೇ.

ಈಗ ಇನ್ನೊಂದನ್ನು ನೋಡಿರಿ:

“ಸಿಪಾಯಿ ಅಣ್ಣನವರಿಗೆ ಶಿರೋಳದಿಂದ ನಮಸ್ಕಾರಗಳು. ತಾವು ನಮಗೆ ಗುರುತಿಲ್ಲ, ನಾವು ತಮಗೆ ಗುರುತಿಲ್ಲ. ಈ ಸಾರಿ ನಮ್ಮ ಎರೆಹೊಲದಲ್ಲಿ ಹೆಸರು ಚೆನ್ನಾಗಿ ಬೆಳೆದಿತ್ತು. ಬಿಡಿಸುವ ಹೊತ್ತಿಗೆ ಮಳೆ ಹಿಡಿದು ಅರ್ಧ ಕೆಟ್ಟಿತು. ಈಗ ಜೋಳ, ಕಡಲೆ ಬಿತ್ತಿದ್ದೇವೆ. ನಮ್ಮ ತಂಗಿಯು ಮೊದಲನೆಯ ಸಾರಿ ಶಾಲೆಗೆ ಹೋಗಿ ಅಳದೆ ಮನೆಗೆ ಬಂದಳು. ಇವೆಲ್ಲಾ ಚಿಕ್ಕ ಸಂಗತಿಗಳು. ಆದರೆ ಇವು ಭಯವಿಲ್ಲದೆ ನಡೆಯುವದಕ್ಕೆ ತಾವು ಚಳಿಯಲ್ಲಿ ಎಚ್ಚರವಾಗಿರುವದೂ ಒಂದು ಕಾರಣವೆಂದು ನೆನಸಿ ಬರೆದೆವು. ಉತ್ತರ ಬರೆಯಬೇಕೆಂಬ ಒತ್ತಾಯವಿಲ್ಲ. ಆರೋಗ್ಯವಾಗಿರ್ರಿ.”

ಯಾವ ಕಾಗದವನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುವರು? ನೀವೇ ಹೇಳಿರಿ. ಕೈಯಲ್ಲಿ ಫೋನು ಇರುವ ಕಾಲದಲ್ಲಿ ಕಾಗದ ಯಾಕೆಂದು ಕೆಲವರು ಕೇಳುವರು. ಕಾಗದವನ್ನು ಮಡಚಿ ಇಟ್ಟು ಫೋನಿನ ಗಾಳಿ ಹತ್ತದ ಸ್ಥಳದಲ್ಲಿಯೂ ಪುನಃ ಓದಬಹುದು. ಬರೆದವನು ಅರ್ಧ ಗಳಿಗೆ ಕುಳಿತು ತನ್ನನ್ನು ನೆನಸಿದನೆಂಬದಕ್ಕೆ ಅದರ ಅಕ್ಷರಗಳೇ ಸಾಕ್ಷಿ.

2019ರ ಆಗಸ್ಟಿನಲ್ಲಿ ಮಲಪ್ರಭೆಯು ಮೇರೆ ಮೀರಿ ನರಗುಂದ ತಾಲೂಕಿನ ಹೊಳೆಸಾಲಿನ ಊರುಗಳನ್ನು ಹೊಕ್ಕದ್ದನ್ನು ನಾವು ಮರೆತಿಲ್ಲ. ಅದೇ ನೆರೆಯಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಸೈನ್ಯದವರು ದೋಣಿಗಳಿಂದ ಜನರನ್ನು ದಾಟಿಸಿದರು. ನೆರೆಯನ್ನು ಕಂಡವರು ಅದನ್ನು ನೆನಸಿ ಬರೆದರೆ ಅದು ಸತ್ಯವಾದ ಉಪಕಾರಸ್ತುತಿಯಾಗುವದು.

4. ವಿಳಾಸವೂ ದಾರಿಯೂ

ದಂಡಿನ ಟಪಾಲಿಗೆ ಬೇರೆ ವ್ಯವಸ್ಥೆ ಉಂಟು. ಸೈನ್ಯದ ಅಂಚೆ ಸೇವೆಯು 1972ರ ಮಾರ್ಚ್ 1ರಿಂದ ಪ್ರತ್ಯೇಕ ದಳವಾಗಿ ನಡೆಯುತ್ತಿದೆ. ವಿಳಾಸದಲ್ಲಿ ಸಿಪಾಯಿಯ ಸಂಖ್ಯೆ, ಪದವಿ, ಹೆಸರು, ದಳ ಇವುಗಳ ಕೆಳಗೆ 56 ಎ.ಪಿ.ಓ. ಅಥವಾ 99 ಎ.ಪಿ.ಓ. ಎಂದಿರುವದು. ಮೊದಲನೆಯವು ದಿಲ್ಲಿಯ ಮೂಲಕವೂ ಎರಡನೆಯವು ಕೊಲ್ಕತ್ತೆಯ ಮೂಲಕವೂ ಹೋಗುತ್ತವೆ. ಪಿನ್ ಸಂಖ್ಯೆಯ ಮೊದಲನೆಯ ಅಂಕಿ 9. ಊರಿನ ಹೆಸರು ಮಾತ್ರ ಎಲ್ಲಿಯೂ ಇರದು. ಯಾಕಂದರೆ ದಳವು ಎಲ್ಲಿದೆಯೆಂಬದು ಲಕೋಟೆಯ ಮೇಲೆ ತೋರಬಾರದು. ಶಿರೋಳದ ಟಪಾಲ ಪೆಟ್ಟಿಗೆಯಲ್ಲಿ ಹಾಕಿದ ಕಾಗದವು ಹೀಗೆ ಹೆಸರಿಲ್ಲದ ಸ್ಥಳಕ್ಕೆ ಸರಿಯಾಗಿ ಮುಟ್ಟುತ್ತದೆ.

ಮೊದಲು ನಿಮ್ಮ ಓಣಿಯಿಂದ, ನಿಮ್ಮ ಊರಿಂದ ಹೋದವರಿಗೆ ಬರೆಯಿರಿ. ವಿಳಾಸವನ್ನು ಅವರ ಮನೆಯವರಿಂದ ಅಪ್ಪಣೆ ಕೇಳಿ ಪಡೆದುಕೊಳ್ಳಿರಿ. ಗುರುತಿಲ್ಲದವರಿಗೆ ಬರೆಯಬೇಕಾದರೆ ಶಾಲೆಯ ಎನ್.ಸಿ.ಸಿ. ಅಧಿಕಾರಿಗಳನ್ನಾಗಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರನ್ನಾಗಲಿ ಮುಂಚಿತವಾಗಿ ವಿಚಾರಿಸಿರಿ.

5. ಕೆಲವು ಎಚ್ಚರಿಕೆಗಳು

ಎಲ್ಲಿದ್ದೀರಿ, ಎಷ್ಟು ಮಂದಿ ಇದ್ದೀರಿ, ಯಾವಾಗ ಹೊರಡುತ್ತೀರಿ ಎಂದು ಕೇಳಬಾರದು. ಎಷ್ಟು ಜನರನ್ನು ಕೊಂದಿರಿ ಎಂದು ಎಂದಿಗೂ ಕೇಳಬಾರದು. ಅದು ಹುಣ್ಣಿಗೆ ಕೋಲು ಚುಚ್ಚಿದ ಹಾಗೆ. ಬಂದ ಉತ್ತರವನ್ನು ಫೋನಿನಲ್ಲಿ ಊರೆಲ್ಲಾ ಹಂಚಬಾರದು. ಮಕ್ಕಳ ಕಾಗದವನ್ನು ಹಿರಿಯರು ಒಂದು ಸಾರಿ ಓದಲಿ. ಆದರೆ ಅಕ್ಷರ ಸೊಟ್ಟಾಗಿದ್ದರೆ ತಿದ್ದುವದು ಬೇಡ.

ಕಡೆಗೆ ಒಂದು ಮಾತು. ದೂರದವನಿಗೆ ಬರೆದು, ಅವನ ತಾಯಿ ಓಣಿಯಲ್ಲಿ ಒಬ್ಬಳೇ ನೀರು ಹೊರುವದನ್ನು ನೋಡಿಯೂ ಸುಮ್ಮಗಿದ್ದರೆ ನಮ್ಮ ಉಪಕಾರವು ಶಾಯಿಯಲ್ಲಿಯೇ ಒಣಗಿತು. ಓದು ಬಾರದ ತಾಯಿಗೆ ಕಾಗದ ಬರೆದುಕೊಡಿರಿ, ಬಂದದ್ದನ್ನು ಓದಿಹೇಳಿರಿ, ರಾಶಿಯ ಕಾಲಕ್ಕೆ ಒಂದು ದಿವಸ ಕೈಗೂಡಿಸಿರಿ. ‘ನಿನ್ನ ಮನೆಯ ಜೋಳ ಒಳಗೆ ಬಂತು’ ಎಂಬ ಸುದ್ದಿಗಿಂತ ಒಳ್ಳೆಯ ಕಾಗದವನ್ನು ಅವನಿಗೆ ಯಾರು ಬರೆಯಬಲ್ಲರು?

ಪ್ರಶ್ನೆಗಳು

1. ಮೊದಲನೆಯ ಮಹಾಯುದ್ಧದ ಸಿಪಾಯಿಗಳು ಊರಿನ ಯಾವ ಸುದ್ದಿಗಳನ್ನು ಕೇಳುತ್ತಿದ್ದರು? ಯಾಕೆ?
2. ಮೇಲೆ ಕಾಣಿಸಿದ ಎರಡು ಕಾಗದಗಳಿಗೆ ಇರುವ ಭೇದವೇನು?
3. ದಂಡಿನ ವಿಳಾಸದಲ್ಲಿ ಊರಿನ ಹೆಸರು ಯಾಕೆ ಇರುವದಿಲ್ಲ?
4. ನಿಮ್ಮ ಊರಿಂದ ಸೈನ್ಯಕ್ಕೆ ಹೋದವರ ಹೆಸರುಗಳನ್ನು ಹೇಳಬಲ್ಲಿರೋ? ಅವರ ಮನೆಗೆ ನೀವು ಕಡೆಯ ಸಾರಿ ಹೋದದ್ದು ಯಾವಾಗ?