ಗಾಜಿನ ಹೆಂಚಿಗೆ ಅಂಟಿದ ಕಲೆ

ಮಳೆಗಾಳಿಗಳನ್ನು ಹೊರಗೆ ತಡೆದು ಬೆಳಕನ್ನು ಒಳಕ್ಕೆ ಬಿಡುವ ಮಾಡು ಬೇಕೆಂಬುದು ಮನುಷ್ಯನ ಹಳೆಯ ಬಯಕೆ. 1851ರಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ರಚಿಸಿದ ಸ್ಫಟಿಕ ಸೌಧವು ಈ ಬಯಕೆಯನ್ನು ಬೃಹತ್ ಪ್ರಮಾಣದಲ್ಲಿ ಈಡೇರಿಸಿತು. 1889ರಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ ಅಸ್ತಿಭಾರ ಬಿದ್ದಿತು. ಘಟಪ್ರಭೆಯ ದಂಡೆಯ ಊರುಗಳ ಮನೆಗಳಿಗೆ ಅಂಥ ವೈಭವ ಬೇಕಿಲ್ಲ. ಹೆಂಚುಗಳ ನಡುವೆ ಒಂದೆರಡು ಗಾಜಿನ ಹೆಂಚು, ಇಲ್ಲವೆ ಮಾಳಿಗೆಯ ಬೆಳಕಿಂಡಿಯ ಮೇಲೊಂದು ಗಾಜು ಇದ್ದರೆ ಹಗಲಿನಲ್ಲಿ ಓದುವವರಿಗೂ ಅಡಿಗೆ ಮಾಡುವವರಿಗೂ ಸಾಕಷ್ಟು ಬೆಳಕು ದೊರೆಯುವುದು. ಆದರೆ ಕೆಲವು ವರ್ಷಗಳಲ್ಲಿ ಆ ಗಾಜು ಮಬ್ಬಾಗುವುದು; ಎಷ್ಟು ಉಜ್ಜಿದರೂ ಹೊಳಪು ಮರಳದು. ಇದರ ಕಾರಣವನ್ನು ತಿಳಿಯದೆ ಉಜ್ಜುವುದರಿಂದ ಗಾಜೇ ಕೆಡುವ ಸಂಭವವುಂಟು. ಆದುದರಿಂದ ಮೊದಲು ಕಲೆಯ ಹುಟ್ಟನ್ನು ವಿಚಾರಿಸೋಣ.

ಮಳೆಯ ನೀರು ಮೂಲತಃ ಮೆದು ನೀರು. ಅದು ನೆಲಕ್ಕಿಳಿಯುವಾಗ ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ದುರ್ಬಲ ಆಮ್ಲವಾಗುವುದು. ಎರೆಭೂಮಿಯಲ್ಲಿ ಸುಣ್ಣದ ಹರಳುಗಳಿರುವುದನ್ನು ರೈತರೆಲ್ಲರೂ ಬಲ್ಲರು. ಈ ಆಮ್ಲಜಲವು ಹರಳುಗಳಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟನ್ನು ಬೈಕಾರ್ಬೊನೇಟಾಗಿ ಮಾರ್ಪಡಿಸಿ ಕರಗಿಸಿಕೊಳ್ಳುವುದು. ಹೀಗೆ ಬಾವಿಗಳ ನೀರು ಗಡಸಾಗುವುದು. ಅಂತಹ ನೀರನ್ನು ಬಿಸಿಯಾದ ಗಾಜಿನ ಮೇಲೆ ಸುರಿದರೆ ಇಂಗಾಲದ ಡೈ ಆಕ್ಸೈಡು ಹಾರಿಹೋಗಿ, ನೀರು ಆವಿಯಾಗಿ, ಕಾರ್ಬೊನೇಟು ಮತ್ತೆ ಬಿಳಿಯ ಹೊಪ್ಪಳೆಯಾಗಿ ಉಳಿಯುವುದು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿಪದರವೂ ಇದೇ.

ಇದರ ಪ್ರಮಾಣವನ್ನು ಲೆಕ್ಕಹಾಕಬಹುದು. ಒಂದು ಲೀಟರು ನೀರಿನಲ್ಲಿ 300 ಮಿಲಿಗ್ರಾಂ ಸುಣ್ಣಾಂಶವಿದ್ದು, ಆ ನೀರೆಲ್ಲ ಒಂದು ಚದರ ಮೀಟರು ಗಾಜಿನ ಮೇಲೆ ಒಣಗಿತೆನ್ನೋಣ. ಈ ವಸ್ತುವಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.7 ಗ್ರಾಂ. ಹಾಗಾದರೆ ಉಳಿಯುವ ಪದರದ ದಪ್ಪ ಒಂದು ಮಿಲಿಮೀಟರಿನ ಸುಮಾರು ಹತ್ತು ಸಾವಿರದ ಒಂದು ಭಾಗ ಮಾತ್ರ. ಆದರೆ ಕೆಲವೇ ಸಲ ಹೀಗಾದರೆ ಈ ದಪ್ಪವು ಬೆಳಕಿನ ಅಲೆಯುದ್ದಕ್ಕೆ ಸಮವಾಗುವುದು. ಒರಟಾದ ಆ ಪದರವು ಬೆಳಕನ್ನು ಚದರಿಸುವುದರಿಂದ ಗಾಜು ಹಾಲಿನಂತೆ ಕಾಣುವುದು. ಒದ್ದೆಯಾಗಿರುವಾಗ ನೀರು ಸಂದುಗಳನ್ನು ತುಂಬಿ ಕಲೆಯನ್ನು ಮರೆಮಾಡುವುದು. ಆದುದರಿಂದ ತೊಳೆದ ಗಾಜನ್ನು ಒಣಗಿದ ಮೇಲೆಯೇ ಪರೀಕ್ಷಿಸಬೇಕು.

ಎರಡನೆಯ ಬಗೆಯ ಕಲೆ ಇನ್ನೂ ಗಂಭೀರವಾದುದು. ಕಿಟಕಿಯ ಗಾಜಿನಲ್ಲಿ ನೂರಕ್ಕೆ ಸುಮಾರು 70 ಪಾಲು ಸಿಲಿಕವೂ ಉಳಿದಂತೆ ಮುಖ್ಯವಾಗಿ ಸೋಡಾ ಮತ್ತು ಸುಣ್ಣವೂ ಇರುತ್ತವೆ. ಧೂಳಿನ ಪದರದ ಕೆಳಗೆ ನೀರು ಬಹುಕಾಲ ನಿಂತರೆ ಸೋಡಿಯಂ ಮೆಲ್ಲಗೆ ಹೊರಬಂದು ಆ ನೀರನ್ನು ಕ್ಷಾರವಾಗಿಸುವುದು. ಕ್ಷಾರವು ಬಲವಾದಾಗ ಸಿಲಿಕದ ಹಂದರವೇ ಕರಗತೊಡಗುವುದು. ಹೊಸ ಸಿಮೆಂಟಿನ ಗೋಡೆಯಿಂದ ಇಳಿಯುವ ನೀರೂ ಇದೇ ಹಾನಿಯನ್ನು ಬೇಗನೆ ಮಾಡಬಲ್ಲದು. ಮೊದಲನೆಯದು ಗಾಜಿನ ಮೇಲೆ ಕುಳಿತ ಕಲೆ. ಎರಡನೆಯದು ಗಾಜಿನಲ್ಲಿಯೇ ಆದ ಗಾಯ.

ಇವೆರಡನ್ನು ಗುರುತಿಸುವುದು ಸುಲಭ. ಒಣಗಿದ ಕಲೆಯ ಮೇಲೆ ನಿಂಬೆರಸದ ಒಂದು ಹನಿಯನ್ನಿಟ್ಟು ಹತ್ತು ನಿಮಿಷ ಬಿಟ್ಟು ತೊಳೆದು ಒಣಗಿಸಬೇಕು. ಸಣ್ಣ ಗುಳ್ಳೆಗಳೆದ್ದು ಆ ಜಾಗ ತಿಳಿಯಾದರೆ ಅದು ಸುಣ್ಣದ ಕಲೆ. ಹಲವು ಸಲ ಮಾಡಿದರೂ ಬದಲಾವಣೆ ಕಾಣದಿದ್ದರೆ ಗಾಜೇ ಸವೆದಿರುವ ಸಂಭವ ಹೆಚ್ಚು. ಆಗ ಆಮ್ಲದಿಂದ ಪ್ರಯೋಜನವಿಲ್ಲ. ಸೀರಿಯಂ ಆಕ್ಸೈಡಿನ ಪುಡಿಯಿಂದ ಮೆರುಗು ಕೊಡಿಸಬೇಕು, ಇಲ್ಲವೆ ಗಾಜನ್ನು ಬದಲಾಯಿಸಬೇಕು.

ಈಗ ತೊಳೆಯುವ ಕ್ರಮವನ್ನು ನೋಡೋಣ. ಬಿಸಿಲೇರುವ ಮುನ್ನ, ಗಾಜು ತಣ್ಣಗಿರುವಾಗ, ಮೊದಲು ಧಾರಾಳವಾಗಿ ನೀರು ಹರಿಯಿಸಿ ಧೂಳನ್ನು ಕಳೆಯಬೇಕು. ಒಣಬಟ್ಟೆಯಿಂದ ಎಂದಿಗೂ ಉಜ್ಜಬಾರದು. ಕಾಠಿಣ್ಯದ ಮಾನದಲ್ಲಿ ಗಾಜಿನದು ಸುಮಾರು 5.5, ಬೆಣಚುಕಲ್ಲಿನದು 7. ಗೋಕಾಕ ಜಲಪಾತದ ಬಂಡೆಗಳಂತಹ ಮರಳುಗಲ್ಲಿನ ಕಣಗಳು ಬಹುಮಟ್ಟಿಗೆ ಬೆಣಚೇ ಆಗಿರುವುದರಿಂದ ಅಂಥ ಧೂಳು ಗಾಜನ್ನು ಗೀರುವುದು. ಇಟ್ಟಿಗೆಪುಡಿ, ಬೂದಿ, ಮರಳುಗಳೂ ವರ್ಜ್ಯ. ಅನಂತರ ಸಾಬೂನಿನ ನೀರು ಮತ್ತು ಮೆದುವಾದ ಬ್ರಷ್ಷಿನಿಂದ ಹೊಗೆಯ ಜಿಡ್ಡನ್ನೂ ಹಸುರು ಪಾಚಿಯನ್ನೂ ತೆಗೆಯಬೇಕು. ಸುಣ್ಣದ ಕಲೆ ಉಳಿದರೆ ಒಂದು ಲೀಟರು ನೀರಿಗೆ 50 ಗ್ರಾಂ ನಿಂಬೆ ಉಪ್ಪನ್ನು ಕರಗಿಸಬೇಕು. ಮಾಡು ಇಳಿಜಾರಾದುದರಿಂದ ದ್ರವ ನಿಲ್ಲದು. ಅದರಲ್ಲಿ ಅದ್ದಿದ ಹತ್ತಿಬಟ್ಟೆಯನ್ನು ಕಲೆಯ ಮೇಲೆ ಹಾಸಿ ಕಾಲು ಗಂಟೆ ಬಿಟ್ಟು, ಮೆಲ್ಲನೆ ಒರಸಿ, ತೊಳೆಯಬೇಕು. ಕಬ್ಬಿಣದ ತುಕ್ಕಿನ ಕಂದುಕಲೆಗೂ ಈ ದ್ರಾವಣವು ಉಪಯುಕ್ತ. ಕೊನೆಯ ತೊಳೆತಕ್ಕೆ ಹಿಡಿದಿಟ್ಟ ಮಳೆನೀರು ಶ್ರೇಷ್ಠ. ಗಡಸು ನೀರಾದರೆ ಒಣಗುವ ಮೊದಲೇ ಒರಸಬೇಕು.

ಎರಡು ಎಚ್ಚರಿಕೆಗಳನ್ನು ಮರೆಯಲಾಗದು. ಆಮ್ಲವನ್ನು ಬ್ಲೀಚಿಂಗ್ ಪುಡಿಯೊಡನೆ ಬೆರೆಸಿದರೆ ವಿಷಕಾರಿಯಾದ ಕ್ಲೋರೀನ್ ಅನಿಲ ಹೊರಡುವುದು. ಗಾಜಾಗಲಿ, ಹೆಂಚಾಗಲಿ, ಸಿಮೆಂಟಿನ ತಗಡಾಗಲಿ ಮನುಷ್ಯನ ಭಾರವನ್ನು ತಾಳುವುದೆಂದು ನಂಬಬಾರದು. ಮಾಡಿನ ಮೇಲೆ ಕಾಲಿಡದೆ, ಕೆಳಗೊಬ್ಬರು ಬಿಗಿಯಾಗಿ ಹಿಡಿದ ಏಣಿಯಿಂದ, ಉದ್ದ ಹಿಡಿಯ ಬ್ರಷ್ಷಿನಿಂದಲೇ ತೊಳೆಯಬೇಕು. ಕೈಗೆಟುಕದ ಗಾಜನ್ನು ಅನುಭವಸ್ಥರಿಗೆ ಬಿಡುವುದೇ ಲೇಸು.

ವಿದ್ಯಾರ್ಥಿಗಳು ಒಂದು ಪ್ರಯೋಗವನ್ನು ಮಾಡಿ ನೋಡಬಹುದು. ಒಂದೇ ಗಾಜಿನ ತುಂಡಿನ ಮೇಲೆ ಬಾವಿನೀರಿನ ಹತ್ತು ಹನಿಗಳನ್ನೂ ಮಳೆನೀರಿನ ಹತ್ತು ಹನಿಗಳನ್ನೂ ಬೇರೆಬೇರೆಯಾಗಿ ಇಟ್ಟು ಬಿಸಿಲಿನಲ್ಲಿ ಒಣಗಿಸಿರಿ. ಉಳಿದ ಗುರುತುಗಳನ್ನು ಭೂತಗನ್ನಡಿಯಿಂದ ಹೋಲಿಸಿ, ಮೇಲೆ ನಿಂಬೆರಸ ಬಿಟ್ಟು ನೋಡಿರಿ. ನಮ್ಮೂರಿನ ನೆಲದಡಿಯ ಕಥೆಯನ್ನು ಆ ಗಾಜೇ ಹೇಳುವುದು.