ಮೇ ತಿಂಗಳ ಬಾವಿ ನೆನೆದು ಜನವರಿಯಲ್ಲಿ ಬೀಜ ಹಾಕಿ

ಭೈರುಂಬೆ ಸುತ್ತಿನ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾಕುಸಾಕೆನ್ನುವಷ್ಟು ಮಳೆ. ಏಪ್ರಿಲ್ ಕಳೆಯುವುದರೊಳಗೆ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಹಾಗಾಗಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಬೇಸಿಗೆಯ ಹಿತ್ತಲು ಶುರುವಾಗಬೇಕಾದ್ದು ನೀರಿನ ಲೆಕ್ಕದಿಂದ. ಬೀಜ, ಗೊಬ್ಬರದ ಮಾತು ಆಮೇಲೆ.

ಕಳೆದ ಮೇ ತಿಂಗಳಲ್ಲಿ ಮನೆ, ಕೊಟ್ಟಿಗೆ, ಅಡಿಕೆ ಸಸಿಗಳಿಗೆ ಆಗಿ ದಿನಕ್ಕೆ ಎಷ್ಟು ಕೊಡ ಉಳಿಯುತ್ತಿತ್ತು? ಮೊಗೆಕಾಯಿಯ ಒಂದು ಗುಣಿಗೆ ಬಿರುಬಿಸಿಲಲ್ಲಿ ದಿನ ಬಿಟ್ಟು ದಿನ ಅರ್ಧ ಕೊಡ ಎಂದು ಹಿಡಿಯಿರಿ. ದಿನಕ್ಕೆ ಐದು ಕೊಡ ಉಳಿದರೆ ಇಪ್ಪತ್ತು ಗುಣಿ, ಅದಕ್ಕಿಂತ ಒಂದೂ ಹೆಚ್ಚು ಬೇಡ. ಬೀಜ ಹಾಕಲು ಸಂಕ್ರಾಂತಿಯ ಆಸುಪಾಸು ಸರಿಯಾದ ಕಾಲ. ಏಪ್ರಿಲ್ ಹೊತ್ತಿಗೆ ಕಾಯಿ ಬಲಿಯುತ್ತದೆ. ಮಾರ್ಚ್‌ನಲ್ಲಿ ಹಾಕಿದರೆ ಬಳ್ಳಿ ನೀರು ಕೇಳುವ ಹೊತ್ತಿಗೆ ಬಾವಿ ಬತ್ತಿರುತ್ತದೆ.

ಜಾಗ ಮನೆಗೆ ಹತ್ತಿರವಿರಲಿ, ಅಡಿಕೆ ತೋಟದ ನೆರಳಿನಿಂದ ದೂರವಿರಲಿ. ಬೆಂಡೆ, ಮೊಗೆ, ಅಲಸಂದೆಗೆ ಆರು ತಾಸು ಬಿಸಿಲು ಬೇಕೇಬೇಕು. ಕೊಯ್ಲಾದ ಗದ್ದೆಯಲ್ಲಿ ತೇವ ಉಳಿದಿದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹರಿವೆಗೆ ಮಧ್ಯಾಹ್ನದ ನೆರಳಿದ್ದರೂ ನಡೆದೀತು. ಬಸಳೆ ಚಪ್ಪರವಂತೂ ಬಚ್ಚಲ ನೀರು ಹರಿಯುವಲ್ಲೇ ಇರಲಿ.

ಗುಣಿ ತೆಗೆಯುವಾಗ ಮಳೆಗಾಲದ ರೂಢಿ ಬಿಡಬೇಕು. ಮಳೆಯಲ್ಲಿ ನೀರು ಇಳಿದುಹೋಗಲೆಂದು ಮಡಿ ಎತ್ತರಿಸುತ್ತೇವೆ. ಬೇಸಿಗೆಯಲ್ಲಿ ನೀರು ನಿಲ್ಲಲೆಂದು ತಗ್ಗಿಸಬೇಕು. ಒಂದೂವರೆ ಅಡಿ ಅಗಲ, ಒಂದಡಿ ಆಳದ ಗುಣಿಗೆ ಸುಡುಮಣ್ಣು, ಒಂದು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ ತುಂಬಿ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ, ಹಾಗಾಗಿ ಎರಡು ಹಿಡಿ ಒಲೆಬೂದಿಯೂ ಸೇರಲಿ. ನೆಲಮಟ್ಟಕ್ಕಿಂತ ನಾಲ್ಕು ಬೆರಳು ತಗ್ಗಾಗಿಯೇ ಬಿಡಿ. ಗುಣಿಯಿಂದ ಗುಣಿಗೆ ಐದಾರು ಅಡಿ ಅಂತರ. ನಾಲ್ಕು ಬೀಜ ಊರಿ, ಗಟ್ಟಿಯಾದ ಎರಡು ಸಸಿ ಉಳಿಸಿ.

ಬೆಂಡೆ ಬೀಜವನ್ನು ರಾತ್ರಿ ನೆನೆಸಿ, ಒಂದಡಿಗೊಂದರಂತೆ ಸಾಲಿನಲ್ಲಿ ಹಾಕಿ. ಬೇಸಿಗೆಯಲ್ಲಿ ಬಿಳಿನೊಣ ಹೆಚ್ಚಿ ಎಲೆಯ ನರ ಹಳದಿಯಾಗುವ ರೋಗ ಹರಡುತ್ತದೆ. ಅದನ್ನು ತಡೆದುಕೊಳ್ಳುವ ‘ಅರ್ಕಾ ಅನಾಮಿಕಾ’ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ. ಮೊಗೆ, ಸೌತೆ, ಹೀರೆಗೆ ಮಾತ್ರ ಊರಿನ ಬೀಜವೇ ಆಗಲಿ ಎಂಬುದು ನನ್ನ ಹಟ. ನೆರೆಮನೆಯಲ್ಲಿ ಸಿಗದಿದ್ದರೆ ಶಿರಸಿಯಲ್ಲಿ ಹೆಂಗಸರೇ ಸೇರಿ ಬೀಜ ಕಾಪಾಡುತ್ತಿರುವ ‘ವನಸ್ತ್ರೀ’ ಬಳಗವಿದೆ.

ಸಸಿಗೆ ನಾಲ್ಕೆಲೆ ಬಂದೊಡನೆ ಬುಡದ ಸುತ್ತ ನಾಲ್ಕು ಬೆರಳು ದಪ್ಪ ದರಕು ಹೊದಿಸಿ. ಕಾಂಡಕ್ಕೆ ತಾಗದಿರಲಿ, ಒರಲೆ ಏರುತ್ತದೆ. ದರಕು ತರಲು ಬೆಟ್ಟಕ್ಕೆ ಹೋಗುವವರು ಇನ್ನೊಂದು ಮಾತು ನೆನಪಿಡಬೇಕು. ಉಣುಗು ಕಚ್ಚಿ ಮಂಗನ ಕಾಯಿಲೆ ಹರಡುವುದೂ ಇದೇ ತಿಂಗಳುಗಳಲ್ಲಿ, ಸಿದ್ದಾಪುರದ ಕಡೆಯವರಿಗೆ ಇದು ಹೊಸತಲ್ಲ. ಕೈಕಾಲಿಗೆ ಡೇಪಾ ತೈಲ ಹಚ್ಚಿಕೊಂಡು ಹೋಗಿ. ಬಂದ ಕೂಡಲೇ ಬಿಸಿನೀರಲ್ಲಿ ಮಿಂದು, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮಂಗ ಸತ್ತುಬಿದ್ದ ಜಾಗದ ದರಕು ಬೇಡವೇ ಬೇಡ.

ನೀರು ಬೆಳಿಗ್ಗೆ ಅಥವಾ ಸಂಜೆ, ಬುಡಕ್ಕೆ ಮಾತ್ರ. ಎಲೆ ತಿನ್ನುವ ಕೆಂಪು ದುಂಬಿಗೆ ಇಬ್ಬನಿ ಆರುವ ಮೊದಲು ಬೂದಿ ಎರಚಿ. ಹಣ್ಣುನೊಣಕ್ಕೆ ಬಲೆ ತರುವಾಗ ಕೇಳಿ ತನ್ನಿ: ಮೊಗೆ, ಹಾಗಲಕ್ಕೆ ಬೇಕಾದ್ದು ‘ಕ್ಯೂ ಲ್ಯೂರ್’, ಮಾವಿಗೆ ಕಟ್ಟುವ ಬಲೆಗೆ ಈ ನೊಣ ಬರುವುದಿಲ್ಲ. ಕೊಳೆತ ಮಿಡಿಗಳನ್ನು ಬೇಲಿಯಾಚೆ ಎಸೆಯದೆ ಆಳವಾಗಿ ಹೂಳಿ. ಹೂವಿದ್ದೂ ಕಾಯಿ ನಿಲ್ಲದಿದ್ದರೆ ಬೆಳಿಗ್ಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸಿ. ತುಡುವೆ ಜೇನಿನ ಪೆಟ್ಟಿಗೆ ಇರುವ ಮನೆಗೆ ಈ ಕೆಲಸವಿಲ್ಲ.

ಮಂಗಗಳಿಗೆ ನನಗೆ ತಿಳಿದ ಮದ್ದಿಲ್ಲ. ಬಲೆ, ನಾಯಿ, ಕಾವಲು, ಇಷ್ಟೇ.

ಮೊಗೆಕಾಯಿ ಹಳದಿಗೆ ತಿರುಗಿ ಬಳ್ಳಿ ಒಣಗತೊಡಗಿದಾಗ ತೊಟ್ಟು ಉಳಿಸಿ ಕೊಯ್ಯಿರಿ. ಗುಡುಗು ಮಳೆ ಬೀಳುವ ಮೊದಲೇ ಮುಗಿಸಬೇಕು. ಒದ್ದೆ ನೆಲದಲ್ಲಿ ಬಿದ್ದಿದ್ದ ಕಾಯಿ ಅಟ್ಟದಲ್ಲಿ ಬಾಳುವುದಿಲ್ಲ. ತೊಳೆಯಬೇಡಿ. ಗಾಯವಾದವನ್ನು ಈಗಲೇ ಹುಳಿಗೆ ಹಾಕಿ, ಉಳಿದವನ್ನು ಒಂದಕ್ಕೊಂದು ತಾಗದಂತೆ ಬಾಳೆಪಟ್ಟೆಯಲ್ಲಿ ಕಟ್ಟಿ ಗಾಳಿಯಾಡುವಲ್ಲಿ ತೂಗುಬಿಡಿ.